ಒಂದೇ ಲಾರಿ, ಎರಡು ಮನೆ

ಸಾಮಾನು ಸಾಗಿಸುವ ಕಂಪನಿಯವನು ಮನೆ ನೋಡಲು ಬಂದ ದಿನ ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿದ್ದರು. ಗಂಡ ಹೆಂಡತಿ ಎನ್ನುವುದು ಅಭ್ಯಾಸಬಲದ ಮಾತು. ಕೋರ್ಟಿನಿಂದ ವಿಚ್ಛೇದನದ ಕಾಗದ ಬಂದು ಆಗಲೇ ಕೆಲವು ತಿಂಗಳಾಗಿದ್ದವು. ಬಾಡಿಗೆ ಕರಾರು ಮುಗಿಯುವವರೆಗೆ ಇದೇ ಮನೆಯಲ್ಲಿರುವುದು, ಆಮೇಲೆ ಅವರವರ ದಾರಿ ಅವರವರಿಗೆ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಹಾಗಾಗಿ ಅವನು ಹಾಲಿನ ಸೋಫಾದ ಮೇಲೆ ಮಲಗುತ್ತಿದ್ದ, ಅವಳು ಒಳಗೆ ಮಲಗುತ್ತಿದ್ದಳು. ಬೆಳಿಗ್ಗೆ ಬಚ್ಚಲುಮನೆಗೆ ಯಾರು ಮೊದಲು ಎಂಬುದರಲ್ಲಿ ಮಾತ್ರ ಮದುವೆ ಇನ್ನೂ ಉಳಿದಿತ್ತು.

ಅವನು ಡ್ರೈವಿಂಗ್ ಕಲಿಸುವವನು. ಊರಿನ ಅರ್ಧ ಜನಕ್ಕೆ ಅವನು ‘ಮೇಷ್ಟ್ರು’. ಅವಳು ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ದಂತವೈದ್ಯರು ಕಳಿಸಿದ ಅಚ್ಚಿನಿಂದ, ಕಂಡೇ ಇಲ್ಲದ ಬಾಯಿಗಳಿಗೆ ಹಲ್ಲು ಮಾಡಿ ಕಳಿಸುವ ಕೆಲಸ. ಬಿಳಿಯಲ್ಲೇ ಹತ್ತಾರು ಬಗೆಗಳಿವೆ, ಪಕ್ಕದ ಹಲ್ಲಿನ ಜೊತೆ ಹೊಂದುವ ಬಿಳಿಯನ್ನು ಕಿಟಕಿಯ ಬೆಳಕಿನಲ್ಲಿ ಹಿಡಿದು ಆರಿಸಬೇಕು. ಅದರಲ್ಲಿ ಅವಳ ಕಣ್ಣು ತಪ್ಪುತ್ತಿರಲಿಲ್ಲ.

ಜಗಳವಾಡಿ ಬಿಟ್ಟವರಲ್ಲ ಇವರು. ಮಕ್ಕಳಾಗಲಿಲ್ಲ, ಆದರೆ ಅದನ್ನೊಂದು ಕೊರಗಾಗಿ ಇಬ್ಬರೂ ಹಚ್ಚಿಕೊಂಡಿರಲಿಲ್ಲ. ಮಾತು ಕಡಿಮೆಯಾಗುತ್ತ ಬಂತು. ಮೊದಲು ಊಟದ ಹೊತ್ತಿನಲ್ಲಿ, ಆಮೇಲೆ ರಜೆಯ ದಿನಗಳಲ್ಲಿ. ಒಂದು ಸಂಜೆ ಅವನು ಬೂಟು ಬಿಚ್ಚುತ್ತ, “ಹೀಗೇ ಇದ್ದು ಏನ್ ಮಾಡೋದಿದೆ ನಾವು?” ಎಂದ. ಅವಳು ಕನ್ನಡಕ ಒರೆಸುತ್ತಿದ್ದಳು. “ಏನೂ ಇಲ್ಲ” ಎಂದಳು. ಅಲ್ಲಿಗೆ ಮುಗಿಯಿತು. ಅಳು ಬರಬಹುದೆಂದು ಅವಳು ಒಂದೆರಡು ವಾರ ಕಾದಳು. ಬರಲಿಲ್ಲ. ಬಸ್ಸು ತಪ್ಪಿದರೆ ಆಗುವಷ್ಟು ಬೇಸರವೂ ಆಗಲಿಲ್ಲ. ಲ್ಯಾಬಿನಲ್ಲಿ ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳಲು ಬಾಯಿ ತೆರೆಯಬೇಕಲ್ಲ ಎಂದು.

ಮನೆಯಲ್ಲಿ ಮೂರನೆಯವರೆಂದರೆ ಅತ್ತೆ, ಅವನ ತಾಯಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ನಿವೃತ್ತಿಯಾದವರು. ಅದೆಷ್ಟೋ ವರ್ಷ ಬೇರೆಯವರ ಮಾತಿಗೆ ತಂತಿ ಜೋಡಿಸಿಕೊಟ್ಟು, ಈಗ ಆ ಬಾಕಿಯನ್ನೆಲ್ಲ ತಾವೇ ಮಾತಾಡಿ ತೀರಿಸುತ್ತಿದ್ದರು. ಮನೆ ಒಡೆಯುವ ಸುದ್ದಿ ತಿಳಿದ ದಿನ ಅವರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ತಮ್ಮ ತೀರ್ಮಾನ ಹೇಳಿದ್ದರು.

“ನಾನು ಇವಳ ಜೊತೆ ಹೋಗ್ತೀನಿ.”

“ಅಮ್ಮಾ, ನಿನ್ನ ಮಗ ನಾನು.”

“ಗೊತ್ತು ಕಣೋ. ಹೆತ್ತೋಳಿಗೆ ಗೊತ್ತಿರಲ್ವಾ? ಅದಕ್ಕೇ ಹೇಳಿದ್ದು.” ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, “ನಿನಗೆ ಬೇಯ್ಸೋಕೆ ಬರಲ್ಲ, ನನಗೆ ನಿಲ್ಲೋಕಾಗಲ್ಲ. ಇಬ್ರೂ ಹಸ್ಕೊಂಡು ಗೋಡೆ ನೋಡ್ತಾ ಕೂರೋಣ್ವಾ?” ಎಂದರು. ಸೊಸೆಯ ಕಡೆ ತಿರುಗಿ, “ನಿನಗೇನಾದ್ರೂ ತೊಂದ್ರೆ ಇದ್ಯಾ ಮಗಾ?” ಎಂದು ಕೇಳಿದರು.

“ಇಲ್ಲ ಅತ್ತೆ” ಎಂದಳು. ನಿಜವಾಗಿಯೂ ತೊಂದರೆ ಇರಲಿಲ್ಲ. ಸಂತೋಷವಿತ್ತೇ ಎಂದರೆ ಅದೂ ತಿಳಿಯದು.

ಎರಡು ಲಾರಿ ಗೊತ್ತುಮಾಡುವುದು ದಂಡ ಎಂದು ಅವನೇ ಒಂದನ್ನು ಮಾತಾಡಿದ. ಮೊದಲು ಅವನ ಹೊಸ ಮನೆಯಲ್ಲಿ ಅರ್ಧ ಇಳಿಸುವುದು, ಉಳಿದದ್ದನ್ನು ಊರಿನ ಇನ್ನೊಂದು ಮಗ್ಗುಲಲ್ಲಿರುವ ಅವಳ ಮನೆಗೆ ಒಯ್ಯುವುದು. ಇದೆಲ್ಲದರ ಅಂದಾಜು ಮಾಡಲೆಂದೇ ಕಂಪನಿಯವನು ಬಂದಿದ್ದ. ಸೊಂಟದಲ್ಲಿ ಅಳತೆಯ ಟೇಪು ಸಿಕ್ಕಿಸಿಕೊಂಡಿದ್ದ ಆ ತೆಳ್ಳನೆಯ ಮನುಷ್ಯ ಕೋಣೆ ಕೋಣೆಗೂ ಹೋಗಿ ಮಂಚ, ಮೇಜು, ಫ್ರಿಜ್ಜುಗಳನ್ನು ಅಳೆದ. ಅತ್ತೆ ಅವನಿಗೆ ಆಗಲೇ ‘ಟೇಪಪ್ಪ’ ಎಂದು ನಾಮಕರಣ ಮಾಡಿ ಹಿಂದೆ ಹಿಂದೆ ಸುತ್ತುತ್ತಿದ್ದರು.

“ಇದನ್ನೂ ಅಳೀರಿ ಟೇಪಪ್ಪ. ನೋಡೋಕೆ ಸಣ್ಣದು, ಎತ್ತೋಕೆ ಹೋದ್ರೆ ಸೊಂಟ ಕೈಗೆ ಬರುತ್ತೆ.”

ಅದು ಅವರ ಬಟ್ಟೆಯ ಕಪಾಟು. ಬಾಗಿಲಿಗೆ ಆಳುದ್ದದ ಕನ್ನಡಿ ಇತ್ತು. ನಿವೃತ್ತಿಯಾದಾಗ ಬಂದ ಹಣದಲ್ಲಿ, ಯಾರನ್ನೂ ಕೇಳದೆ, ಅಂಗಡಿಗೆ ಒಬ್ಬರೇ ಹೋಗಿ ಕೊಂಡು ತಂದದ್ದು.

ಅಳತೆ ಮುಗಿದ ಮೇಲೆ ಟೇಪಪ್ಪ ಊಟದ ಮೇಜಿಗೆ ಕೂತು ಕಾಗದ ಹರಡಿದ. “ಈಗ ವಿಮೆ ವಿಚಾರ ಸಾರ್. ಮೂರು ಥರ ಇದೆ. ಮೊದಲನೇದು, ನೀವು ಏನೂ ಕಟ್ಟಬೇಕಿಲ್ಲ. ಏನಾದ್ರೂ ಹಾಳಾದ್ರೆ ತೂಕದ ಲೆಕ್ಕದಲ್ಲಿ ಕೊಡ್ತಾರೆ.”

“ತೂಕದ ಲೆಕ್ಕ ಅಂದ್ರೆ?” ಎಂದರು ಅತ್ತೆ.

“ಅಂದ್ರೆ ಅಮ್ಮ, ನಿಮ್ಮ ಟೀವಿ ಹೋದ್ರೂ ಅಷ್ಟೇ, ಅಷ್ಟೇ ತೂಕದ ಕಬ್ಬಿಣದ ಬಾಣಲೆ ಹೋದ್ರೂ ಅಷ್ಟೇ.”

“ಹಳೇ ಪೇಪರಿನವನ ಲೆಕ್ಕ ಅನ್ನಿ.”

ಟೇಪಪ್ಪ ನಕ್ಕ. “ಎರಡನೇದು, ಲಾರೀನೇ ಮಗುಚಿದ್ರೆ, ಬೆಂಕಿ ಬಿದ್ರೆ, ಕಳುವಾದ್ರೆ ಕೊಡ್ತಾರೆ. ಒಂದೊಂದು ಸಾಮಾನು ಒಡೆದ್ರೆ ಇಲ್ಲ. ಮೂರನೇದು ಎಲ್ಲಕ್ಕೂ. ಬಟ್ಟಲು ಸೀಳಿದ್ರೂ ಬರುತ್ತೆ. ಆದ್ರೆ ಪ್ಯಾಕಿಂಗ್ ನಮ್ಮ ಹುಡುಗರೇ ಮಾಡಿರಬೇಕು, ಪ್ರತಿಯೊಂದಕ್ಕೂ ಬೆಲೆ ಬರೆಸಬೇಕು. ಜೀವ ಇರೋದಕ್ಕೆ ಮಾತ್ರ ಯಾವುದ್ರಲ್ಲೂ ಇಲ್ಲ. ಮೀನಿನ ತೊಟ್ಟಿ ಇದೆಯಲ್ಲ, ತೊಟ್ಟಿಗೆ ಇದೆ, ಮೀನಿಗಿಲ್ಲ.”

“ಹಾಗಾದ್ರೆ ನಾನೂ ಇಲ್ಲ” ಎಂದರು ಅತ್ತೆ. “ದಾರೀಲಿ ಎಲ್ಲಾದ್ರೂ ಸೀಳು ಬಿಟ್ರೆ ನನ್ನನ್ನೂ ಬಾಣಲೆ ಜೊತೆ ತೂಗಿ.”

ಅವನು ಮೂರನೆಯದೇ ಇರಲಿ ಎಂದ. “ದಿನಾ ರಸ್ತೆ ಮೇಲೆ ಬದುಕೋನು ನಾನು. ಬ್ರೇಕು ಅಂದ್ಕೊಂಡು ಆಕ್ಸಿಲರೇಟರ್ ತುಳಿಯೋರ ಪಕ್ಕ ಕೂತ್ಕೊಳ್ತೀನಿ. ಯಾವ ಲಾರೀನೂ ನಂಬಲ್ಲ.” ಆಮೇಲೆ ಅವಳ ಕಡೆ ನೋಡಿ, “ನೀನೇನಂತೀಯ?” ಎಂದ.

“ನೀವು ಹೇಳಿದ ಹಾಗೆ.”

ಬೆಲೆ ಬರೆಸುವ ಕೆಲಸ ಶುರುವಾಯಿತು. ಅವನ ಪಾಲಿಗೆ ಬಂದ ಸೋಫಾ, ಟೀವಿ, ಮೀನಿನ ತೊಟ್ಟಿಗಳ ಬೆಲೆಯನ್ನು ಅವನು ಥಟ್ಟನೆ ಹೇಳಿದ. ಅವಳ ಪಾಲಿನದ್ದು ಬಂದಾಗ ಟೇಪಪ್ಪ ಪೆನ್ನು ಹಿಡಿದು ಕಾದ.

“ಮೇಡಂ, ಊಟದ ಮೇಜು?”

ಅವಳು ಮೇಜನ್ನು ನೋಡಿದಳು. ಅದರ ಮೇಲೆ ಕೈಯೂರಿಯೇ ಕೂತಿದ್ದಳು. ನುಣುಪಾಗಿತ್ತು. ಒಂದು ಮೂಲೆಯಲ್ಲಿ ಬಿಸಿ ಪಾತ್ರೆ ಇಟ್ಟ ಬಿಳಿಯ ಉಂಗುರವಿತ್ತು. ಇದು ಹೋದರೆ ಎಷ್ಟು ಹೋದ ಹಾಗೆ ಎಂದು ಯೋಚಿಸಲು ನೋಡಿದಳು. ಯೋಚನೆ ಹೊರಟ ಕಡೆಯಲ್ಲೇ ನಿಂತುಬಿಟ್ಟಿತು.

“ನಿಮಗೆ ತೋಚಿದ್ದು ಬರ್ಕೊಳ್ಳಿ.”

“ಹಾಗೆ ಬರ್ಕೊಳ್ಳೋಕೆ ಬರಲ್ಲ ಮೇಡಂ. ಹೊಸದಾಗಿ ತಗೊಂಡ್ರೆ ಇವತ್ತು ಎಷ್ಟಾಗುತ್ತೆ, ಅಂದಾಜಿಗೆ ಹೇಳಿ. ಹಳೇದಾಗಿದ್ದಕ್ಕೆ ನಾವು ಕಳೀತೀವಿ. ವಾಷಿಂಗ್ ಮಷೀನು?”

“ಬಟ್ಟೆ ಒಗೆಯುತ್ತೆ” ಎಂದಳು. ತಮಾಷೆಗೆ ಹೇಳಿದ್ದಲ್ಲ. ಬೇರೇನು ಹೇಳಬೇಕೆಂದು ತಿಳಿಯಲಿಲ್ಲ.

ಕೊನೆಗೆ ಅವನೇ ಅವಳ ಸಾಮಾನಿಗೂ ಬೆಲೆ ಹೇಳಿಕೊಟ್ಟ. ಚೌಕಾಸಿ ಮಾಡದೆ, ಎಲ್ಲವನ್ನೂ ಸ್ವಲ್ಪ ಜಾಸ್ತಿಯೇ ಹೇಳಿದ. ಅದನ್ನು ಅವಳು ಗಮನಿಸಿದಳು. ಯಾರದೋ ಮನೆಯ ಸಂಭಾವಿತ ಹಿರಿಯರೊಬ್ಬರು ಸಹಾಯ ಮಾಡುತ್ತಿದ್ದಾರೆ ಎನ್ನುವಂತೆ ಸುಮ್ಮನೆ ಕೇಳಿಸಿಕೊಂಡಳು.

“ಪಾಲಿಸಿ ಯಾರ ಹೆಸರಿಗೆ? ಒಂದು ಲಾರಿಗೆ ಒಂದೇ ಹೆಸರು. ಎರಡು ಕಡೆ ಇಳಿಸಬಹುದು, ಅದಕ್ಕೆ ಅಡ್ಡಿ ಇಲ್ಲ.”

“ಇವಳ ಹೆಸರಿಗೇ ಹಾಕಿ” ಎಂದ ಅವನು.

“ಬೇಡ, ಇವರದ್ದಕ್ಕೆ ಹಾಕಿ” ಎಂದಳು ಅವಳು.

“ಪರವಾಗಿಲ್ಲ, ನಿನ್ನದೇ ಇರ್ಲಿ.”

“ಯಾಕೆ ಸುಮ್ನೆ? ಲಾರಿ ಮಾತಾಡಿದ್ದು ನೀವು.”

ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರ ಹಾಗೆ ಅವರು ಮಾತಾಡುವುದನ್ನು ಕಂಡು ಟೇಪಪ್ಪನಿಗೆ ಖುಷಿಯಾಯಿತು. “ಎಂಥಾ ಜೋಡಿ ಸಾರ್ ನಿಮ್ಮದು! ನಾವು ಹೋದ ಕಡೆಯೆಲ್ಲ ಈ ಹೊತ್ತಿಗೆ ಮಹಾಭಾರತವೇ ನಡೆಯುತ್ತೆ. ನಿಮ್ಮ ಹೆಸರಿಗೇ ಬರೀತೀನಿ. ಮಿಸೆಸ್ಸು, ತಾಯಿ ಇಬ್ರನ್ನೂ ಕೆಳಗೆ ‘ಮನೆಯವರು’ ಅಂತ ಹಾಕಿರ್ತೀನಿ. ಸರಿ ತಾನೆ?”

ಅವನು ಅವಳನ್ನು ನೋಡಿದ, ಅವಳು ಮೇಜಿನ ಬಿಳಿಯ ಉಂಗುರವನ್ನು ನೋಡಿದಳು. ಅತ್ತೆ ಏನೋ ಹೇಳಲು ಬಾಯಿ ತೆರೆದವರು ಅದಕ್ಕೆ ಕಾಫಿಯ ಲೋಟ ಅಡ್ಡ ಇಟ್ಟರು. ಟೇಪಪ್ಪ ಬರೆದುಕೊಂಡ. ಗಂಡನಾಗಿದ್ದವನು ಸಹಿ ಹಾಕಿದ.

ಸಾಮಾನು ಹೋಗುವ ದಿನ ಬೆಳಿಗ್ಗೆಯೇ ಲಾರಿ ಬಂತು. ಕೂಲಿಯವರ ಮುಖ್ಯಸ್ಥನನ್ನು ಉಳಿದವರು ಮೇಸ್ತ್ರಿ ಎಂದು ಕರೆಯುತ್ತಿದ್ದರು. ದಪ್ಪ ಕುತ್ತಿಗೆಯ, ಸದಾ ಬೆವರುತ್ತಿದ್ದ, ತುಂಬಾ ವಿನಯದ ಮನುಷ್ಯ. ಅವನ ಜನ ಮೆಟ್ಟಿಲುಗಳಲ್ಲಿ ಏರಿಳಿದು ಮನೆಯನ್ನು ಸ್ವಲ್ಪ ಸ್ವಲ್ಪವಾಗಿ ಖಾಲಿ ಮಾಡಿದರು. ಸಾಮಾನು ಹೋದ ಜಾಗದಲ್ಲೆಲ್ಲ ಗೋಡೆಯ ಬಣ್ಣ ಹೊಸದರಂತೆ ಉಳಿದಿತ್ತು. ಇಷ್ಟು ದಿನ ಗೋಡೆ ಮಾಸಿದ್ದೇ ಗೊತ್ತಿರಲಿಲ್ಲವಲ್ಲ ಎಂದು ಅವಳಿಗನ್ನಿಸಿತು. ಅದಕ್ಕಿಂತ ಹೆಚ್ಚೇನೂ ಅನ್ನಿಸಲಿಲ್ಲ.

ಅವರು ಮೂವರೂ ಅವನ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಲಾರಿಯ ಹಿಂದೆ ಹೊರಟರು. ಕಲಿಸುವವರಿಗೆಂದು ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕಿರುವ ಕಾರು ಅದು. ಮೀನುಗಳಿದ್ದ ಬಕೆಟ್ಟನ್ನು ಅವಳು ತೊಡೆಯ ನಡುವೆ ಹಿಡಿದುಕೊಂಡಿದ್ದಳು. ಅತ್ತೆ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಯಾವ ಅಂಗಡಿ ಮುಚ್ಚಿದೆ, ಯಾವುದು ತೆರೆದಿದೆ ಎಂದು ವರದಿ ಒಪ್ಪಿಸಿದರು.

ಅವನ ಮನೆಯ ಮುಂದೆ ಅರ್ಧ ಸಾಮಾನು ಇಳಿಯಿತು. ಒಂದೇ ಕೋಣೆಯ ಮನೆ. ಸೋಫಾ ಇಟ್ಟ ಮೇಲೆ ಓಡಾಡಲು ಓರೆಯಾಗಿ ನಡೆಯಬೇಕಿತ್ತು. ಅತ್ತೆ ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿದರು, ಕಿಟಕಿಯ ಚಿಲಕ ಎಳೆದು ನೋಡಿದರು, ಆಮೇಲೆ ಮಗನ ಕೆನ್ನೆ ಮುಟ್ಟಿ, “ಗಾಳಿ ಚೆನ್ನಾಗಿದೆ” ಎಂದಷ್ಟೇ ಹೇಳಿ ಹೊರಗೆ ಬಂದರು. ಕಾರಿನ ಹತ್ತಿರ ಬಂದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವಳು ಕಾರಿನ ಬಾಗಿಲು ತೆರೆದು ಹಿಡಿದು ನಿಂತಳು.

ಅವನು ಇಬ್ಬರನ್ನೂ ಕಾರಿನಲ್ಲಿ ಅವಳ ಹೊಸ ಮನೆಯ ಬಾಗಿಲಿಗೆ ಬಿಟ್ಟು, ಮೀನುಗಳಿಗೆ ನೀರು ತುಂಬಬೇಕೆಂದು ಹೊರಟುಹೋದ. ಲಾರಿ ಬರಲು ತಡವಾಯಿತು. ಅದು ಬಂದು ನಿಂತಾಗ ಮೇಸ್ತ್ರಿ ಕೂಡಲೇ ಕೆಳಗಿಳಿಯಲಿಲ್ಲ. ಇಳಿದ ಮೇಲೂ ಹಿಂದಿನ ಬಾಗಿಲು ತೆಗೆಯದೆ ತಲೆ ತುರಿಸಿಕೊಳ್ಳುತ್ತ ನಿಂತ.

“ಏನಾಯ್ತಪ್ಪ?” ಎಂದರು ಅತ್ತೆ.

ಬಾಗಿಲು ತೆಗೆದ ಮೇಲೆ ಏನಾಯಿತೆಂದು ಯಾರೂ ಹೇಳಬೇಕಾಗಲಿಲ್ಲ. ಅರ್ಧ ಸಾಮಾನು ಇಳಿದ ಮೇಲೆ ಉಳಿದದ್ದನ್ನು ಮತ್ತೆ ಬಿಗಿಯಾಗಿ ಕಟ್ಟಬೇಕಿತ್ತು. ಕಟ್ಟಿರಲಿಲ್ಲ. ದಾರಿಯಲ್ಲಿ ಯಾರೋ ಅಡ್ಡ ಬಂದು ಲಾರಿ ಗಕ್ಕನೆ ನಿಂತಾಗ ಅತ್ತೆಯ ಕಪಾಟು ಮುಗ್ಗರಿಸಿ ವಾಷಿಂಗ್ ಮಷೀನಿನ ಮೇಲೆ ಬಿದ್ದಿತ್ತು. ಮಷೀನು ನೆಗ್ಗಿ ಒಂದು ಕಡೆ ಬಾಯಿ ಬಿಟ್ಟಿತ್ತು. ಕಪಾಟಿನ ಕನ್ನಡಿ ಪುಡಿ ಪುಡಿ. ಊಟದ ಮೇಜಿನ ಒಂದು ಕಾಲು ಮುರಿದಿತ್ತು. ಪಿಂಗಾಣಿ ತುಂಬಿದ ಪೆಟ್ಟಿಗೆಯನ್ನು ಎತ್ತಿದರೆ ಒಳಗೆ ಜಲ್ಲಿಕಲ್ಲಿನ ಸದ್ದು.

“ಮೇಡಂ, ಕೈ ಮುಗೀತೀನಿ. ಹಗ್ಗ ಹಾಕೋಣ ಅಂದ್ಕೊಂಡೆ. ಈ ಹೊತ್ತಿನ ಮೇಲೆ ಆ ರಸ್ತೇಲಿ ಲಾರಿ ಬಿಡಲ್ಲ, ಬೇಗ ಬೇಗ ಅಂತ…”

“ಸರಿ. ಇಳಿಸಿ” ಎಂದಳು.

ಮೇಸ್ತ್ರಿ ಅವಳ ಮುಖ ನೋಡಿದ. ಅಲ್ಲಿ ಏನೂ ಕಾಣಲಿಲ್ಲ. ಅವನಿಗೆ ಇನ್ನೂ ಭಯವಾಯಿತು. “ಬೈದುಬಿಡಿ ಮೇಡಂ. ಹೀಗೆ ಸುಮ್ನೆ ನಿಲ್ಬೇಡಿ. ಎರಡು ಮಾತು ಬೈದುಬಿಡಿ, ನನಗೂ ಸಮಾಧಾನ ಆಗುತ್ತೆ.”

ಆ ಸಮಾಧಾನವನ್ನು ಅತ್ತೆ ಒದಗಿಸಿದರು. ಎಕ್ಸ್‌ಚೇಂಜಿನ ದಿನಗಳ ಕಂಚಿನ ಕಂಠ ಇನ್ನೂ ಹಾಗೇ ಇತ್ತು. ಮೇಲಿನ ಮಹಡಿಯವರು ಕಿಟಕಿ ತೆರೆದು ನೋಡಿದರು. ಮೇಸ್ತ್ರಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಕಣ್ಣೀರು ಹಾಕಿಕೊಂಡು, ಒಡೆದ ಕಪಾಟನ್ನು ಎಳೆ ಮಗುವಿನಂತೆ ಎತ್ತಿ ತಂದು ಹಾಲಿನಲ್ಲಿ ಮಲಗಿಸಿದ.

ವಿಮೆಯವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ನಮ್ಮವರು ಬಂದು ನೋಡುವವರೆಗೆ ಏನನ್ನೂ ಎಸೆಯಬೇಡಿ, ಸರಿಪಡಿಸಬೇಡಿ. ಪಾಲಿಸಿ ಇರುವವರು ಆ ದಿನ ಎದುರಿಗಿರಬೇಕು.

ಹಾಗಾಗಿ ಹೊಸ ಮನೆಯ ಮೊದಲ ದಿನಗಳನ್ನು ಅತ್ತೆ ಸೊಸೆ ಮುರುಕು ಸಾಮಾನಿನ ನಡುವೆ ಕಳೆದರು. ಕಪಾಟು ಹಾಲಿನ ಮಧ್ಯೆ ಅಂಗಾತ ಬಿದ್ದಿತ್ತು. ಅಡುಗೆಮನೆಗೆ ಹೋಗಬೇಕೆಂದರೆ ಅದನ್ನು ಸುತ್ತಿ ಹೋಗಬೇಕು. ಕಿಟಕಿಯ ಕೆಳಗೆ ಚೀಲದಲ್ಲಿ ಗಾಜಿನ ಚೂರು. ಅವಳು ಬೆಳಿಗ್ಗೆ ಕಪಾಟನ್ನು ಸುತ್ತಿ ಹೊರಗೆ ಹೋಗುವಳು, ಲ್ಯಾಬಿನಲ್ಲಿ ಮೇಣದಲ್ಲಿ ಹಲ್ಲು ಕೆತ್ತುವಳು, ಸಂಜೆ ಬಂದು ಕಪಾಟನ್ನು ಸುತ್ತಿ ಒಳಗೆ ಹೋಗುವಳು. “ಸತ್ತೋರ ಮನೆ ಥರ ಇದೆಯಲ್ಲೇ” ಎಂದು ಅತ್ತೆ ಒಂದು ದಿನ ಗೊಣಗಿದರು. ಅವಳು ಒಗೆಯಬೇಕಾದ ಬಟ್ಟೆಗಳನ್ನು ಮೂಲೆಯಲ್ಲಿ ರಾಶಿ ಹಾಕುತ್ತ, “ಹೌದಾ ಅತ್ತೆ?” ಎಂದಳು.

ತಪಾಸಣೆಗೆ ಬಂದದ್ದು ಒಬ್ಬ ಹೆಂಗಸು. ನಡುವಯಸ್ಸು, ಕತ್ತಿನಲ್ಲಿ ಕ್ಯಾಮೆರಾ, ಕೈಯಲ್ಲಿ ಸಣ್ಣ ಟಾರ್ಚು. ಆ ಹೆಂಗಸಿಗಿಂತ ಸ್ವಲ್ಪ ಮೊದಲೇ ಅವನು ಬಂದಿದ್ದ. ಬೆಲ್ಲು ಒತ್ತಿ ಹೊರಗೆ ನಿಂತಿದ್ದ. ಬಾಗಿಲು ತೆರೆದಾಗ ಚಪ್ಪಲಿ ಬಿಡುತ್ತ, “ಒಳಗೆ ಬರ್ಲಾ?” ಎಂದು ಕೇಳಿದ. ಅಷ್ಟು ವರ್ಷ ತಾನು ಕೂತ ಕುರ್ಚಿಯ ತುದಿಯಲ್ಲಿ, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಕೂತ. ಸ್ವಲ್ಪ ಇಳಿದಿದ್ದ. ಅಂಗಿಯನ್ನು ತಾನೇ ಇಸ್ತ್ರಿ ಮಾಡಿಕೊಂಡಿದ್ದನೆಂದು ಕಾಲರು ನೋಡಿದರೆ ತಿಳಿಯುತ್ತಿತ್ತು.

ತಪಾಸಣೆಯವಳು ಟಾರ್ಚು ಬಿಟ್ಟು ಮಷೀನಿನ ಹೊಟ್ಟೆ ನೋಡಿದಳು, ಮೇಜಿನ ಕಾಲು ಎತ್ತಿ ನೋಡಿದಳು, ಎಲ್ಲದರ ಫೋಟೋ ತೆಗೆದಳು. ಆಮೇಲೆ ಅವನ ಎದುರು ಕೂತು ಪ್ರಶ್ನೆ ಕೇಳತೊಡಗಿದಳು. ಪ್ಯಾಕಿಂಗ್ ಯಾರು ಮಾಡಿದ್ದು, ಹಗ್ಗ ಯಾರು ಬಿಚ್ಚಿದ್ದು. ಎಲ್ಲದಕ್ಕೂ ಅವನು ಉತ್ತರಿಸಿದ. ತಪಾಸಣೆಯವಳು ಕಾಗದ ತಿರುಗಿಸಿದಳು.

“ಎರಡು ವಿಳಾಸ ಇದೆ ಇಲ್ಲಿ. ನೀವು ಇರೋದು ಇದರಲ್ಲಾ, ಅದರಲ್ಲಾ?”

“ಅಲ್ಲೂ… ಇಲ್ಲೂ.”

“ತಪ್ಪು ತಿಳೀಬೇಡಿ, ನಿಯಮ ಇದೆ ಅಂತ ಕೇಳ್ತಿದ್ದೀನಿ. ಪಾಲಿಸಿ ನಿಮ್ಮ ಹೆಸರಲ್ಲಿದೆ. ನಿಮ್ಮದು, ನಿಮ್ಮ ಮನೆಯವರದು ಆದ್ರೆ ಪರಿಹಾರ ಬರುತ್ತೆ. ಬೇರೆಯವರ ಸಾಮಾನಿಗೆ ಬರಲ್ಲ.” ತಪಾಸಣೆಯವಳು ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದಳು. “ಲಾರಿ ಹೊರಟ ದಿನ ನೀವಿಬ್ರೂ ಗಂಡ ಹೆಂಡತಿ ತಾನೆ?”

“ಹೌದು” ಎಂದ ಅವನು.

“ಇಲ್ಲ” ಎಂದಳು ಅವಳು.

ಎರಡು ಮಾತೂ ಒಟ್ಟಿಗೇ ಬಂದವು. ಅವಳಿಗೆ ತನ್ನ ದನಿ ಕೇಳಿಯೇ ಆಶ್ಚರ್ಯವಾಯಿತು. ಸಣ್ಣ ಮಾತು, ಆದರೆ ಎಲ್ಲೋ ಗಂಟಲಿನ ತಳದಿಂದ ಬಂದಿತ್ತು. ಮುಖ ಬಿಸಿಯಾಯಿತು.

ತಪಾಸಣೆಯವಳು ಪೆನ್ನನ್ನು ಕಾಗದದ ಮೇಲೆ ಹಿಡಿದುಕೊಂಡೇ ಮೆಲ್ಲಗೆ ಕೇಳಿದಳು. “ಯಾರ ಉತ್ತರ ಬರ್ಕೊಳ್ಲಿ?”

ಅವನು ತನ್ನ ಅಂಗೈ ನೋಡಿಕೊಂಡ. ಕೊನೆಗೆ ಅವನೇ, “ಅವಳದ್ದೇ ಬರ್ಕೊಳ್ಳಿ” ಎಂದ.

“ಹಾಗಾದ್ರೆ ಮಷೀನು, ಮೇಜು, ಪಿಂಗಾಣಿ…”

“ನನ್ನವು” ಎಂದಳು ಅವಳು.

“ಅವಕ್ಕೆ ಬರಲ್ಲಮ್ಮ. ಬೇಕಿದ್ರೆ ಸಾಗಣೆಯವರ ಹತ್ರ ತೂಕದ ಲೆಕ್ಕದಲ್ಲಿ ಕೇಳಬಹುದು.”

“ಸರಿ.”

“ನಿಲ್ಲಿ, ನಿಲ್ಲಿ” ಎಂದು ಅತ್ತೆ ಎದ್ದರು. “ಆ ಕಪಾಟು ನನ್ನದು. ನಾನು ಯಾರ ಲೆಕ್ಕಕ್ಕೆ ಬರ್ತೀನಿ?”

“ನೀವು ಇವರ ತಾಯಿ ಅಲ್ವಾ? ಮನೆಯವರ ಲೆಕ್ಕಕ್ಕೇ ಬರ್ತೀರಿ.”

“ಇವನ ಮನೇಲಿ ಇಲ್ದೇ ಇದ್ರೂ?”

“ತಾಯಿ ಎಲ್ಲಿದ್ರೂ ತಾಯಿನೇ ಅಂತ ಇದೆ ನಿಯಮದಲ್ಲಿ.”

“ಅಂದ್ರೆ ಇವಳ ಮನೇಲಿರೋ ನಾನು ಇವನ ಮನೆಯವಳು. ನನ್ನ ಜೊತೆ ಇರೋ ಇವಳು ಯಾರೋ ಬೇರೆಯವಳು.” ಅತ್ತೆ ಸೊಂಟಕ್ಕೆ ಕೈ ಕೊಟ್ಟರು. “ಅಳಿಯ ಅಲ್ಲ, ಮಗಳ ಗಂಡ ಅನ್ನೋದನ್ನ ಕೇಳಿದ್ದೆ. ಇದು ಅದಕ್ಕೂ ಒಂದು ಕೈ ಮೇಲಾಯ್ತಲ್ಲಮ್ಮಾ! ಬರ್ಕೊಳ್ಳಿ. ಕನ್ನಡಿ ಹೋಗಿದೆ, ಬಾಗಿಲು ಸೀಳಿದೆ, ಬರ್ಕೊಳ್ಳಿ.”

ತಪಾಸಣೆಯವಳು ನಗು ತಡೆದುಕೊಂಡು ಬರೆದುಕೊಂಡಳು. ಹೊರಡುವಾಗ ಬಾಗಿಲಲ್ಲಿ ನಿಂತು, “ಈ ಕೆಲಸದಲ್ಲಿ ಇಂಥದ್ದು ಕೇಳೋಕೆ ನನಗೂ ಇಷ್ಟ ಇರಲ್ಲ” ಎಂದಳು. ಯಾರಿಗೆ ಹೇಳಿದಳೋ.

ಇನ್ನು ಸಾಮಾನು ಮುಟ್ಟಬಹುದಿತ್ತು. ಮೂವರೂ ಸೇರಿ ಕಪಾಟನ್ನು ಎತ್ತಿ ನಿಲ್ಲಿಸಿ ಅತ್ತೆಯ ಕೋಣೆಗೆ ಜರುಗಿಸಿದರು. ಅವನು ಮೇಜಿನ ಮುರಿದ ಕಾಲಿಗೆ ಎರಡು ಪಟ್ಟಿ ಬಡಿದ. ಅತ್ತೆ ಬಟ್ಟೆ ಜೋಡಿಸಲು ಒಳಗೆ ಹೋದಾಗ ಅವರಿಬ್ಬರೇ ಉಳಿದರು. ಅವನು ಸುತ್ತಿಗೆಯನ್ನು ಅತ್ತಿತ್ತ ತಿರುಗಿಸುತ್ತಿದ್ದ.

“ಯಾಕೆ ಹೌದು ಅಂದ್ರಿ?” ಎಂದು ಕೇಳಿದಳು. “ಪರಿಹಾರ ಸಿಗ್ಲಿ ಅಂತಾನಾ?”

“ಅಷ್ಟೆಲ್ಲಾ ಯೋಚನೆ ಮಾಡ್ಲಿಲ್ಲ. ಬಾಯಿಗೆ ಬಂತು. ಯಾರು ಕೇಳಿದ್ರೂ ಅದೇ ಬರುತ್ತೆ ನನಗೆ. ಮೊನ್ನೆ ಲೈಸೆನ್ಸ್ ಆಫೀಸಲ್ಲಿ ಮನೇಲಿ ಹೇಗಿದ್ದಾರೆ ಮೇಷ್ಟ್ರೇ ಅಂದ್ರು. ಚೆನ್ನಾಗಿದ್ದಾಳೆ ಅಂದೆ.” ಅವನು ತಲೆಯೆತ್ತಿದ. “ನಿನಗೆ ಹೇಗೆ ಅಷ್ಟು ಸಲೀಸಾಗಿ ಬಂತು?”

ಅವಳು ಯೋಚಿಸಿದಳು. ಈ ಸಲ ಯೋಚನೆ ಹೊರಟಲ್ಲೇ ನಿಲ್ಲಲಿಲ್ಲ. ಆದರೆ ಹೆಚ್ಚು ದೂರವೂ ಹೋಗಲಿಲ್ಲ.

“ಸಲೀಸಾಗಿ ಬರ್ಲಿಲ್ಲ. ಇಷ್ಟು ದಿನ ಯಾರೂ ಕೇಳಿರ್ಲಿಲ್ಲ, ಅಷ್ಟೇ.”

“ನಾನೂ ಕೇಳ್ಲಿಲ್ಲ.”

“ಇಲ್ಲ. ನಾನೂ ನಿಮ್ಮನ್ನ ಕೇಳ್ಲಿಲ್ಲ.”

ಅವನು ಸುತ್ತಿಗೆಯನ್ನು ಮೇಜಿನ ಮೇಲಿಟ್ಟು, ಮೇಜು ಅಲುಗುವುದೇ ಎಂದು ಒಮ್ಮೆ ಕೈಯೂರಿ ನೋಡಿದ. ಸ್ವಲ್ಪ ಅಲುಗುತ್ತಿತ್ತು. “ಮಷೀನಿಗೆ ಏನಾದ್ರೂ ಮಾಡೋಣ್ವಾ ಇಬ್ರೂ ಸೇರಿ?” ಎಂದ.

“ಬೇಡ. ನನ್ನದು ಅಂತ ಹೇಳಿಬಿಟ್ಟೆನಲ್ಲ.”

ಅವನಿಗೆ ನೋವಾಯಿತೆಂದು ಅವಳಿಗೆ ಕಂಡಿತು. ತನಗೂ ಎಲ್ಲೋ ಒಂದು ಕಡೆ ಚುರುಕ್ಕೆಂದಿತು. ಅವನು ತಾಯಿಗೆ ಕೂಗಿ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ಅವನ ಹೆಜ್ಜೆಯ ಸದ್ದು ಕೆಳಗಿನ ತಿರುವು ದಾಟುವವರೆಗೆ ಅವಳು ಬಾಗಿಲು ಹಾಕಲಿಲ್ಲ.

ಮಾರನೆಯ ದಿನ ಲ್ಯಾಬಿನಲ್ಲಿ, ಪಕ್ಕದ ಬೆಂಚಿನಲ್ಲಿ ಪ್ಲಾಸ್ಟರಿನ ಅಚ್ಚು ಉಜ್ಜುತ್ತಿದ್ದ ಗೆಳತಿಗೆ ಅವಳು ಮದುವೆ ಮುರಿದ ವಿಷಯ ಹೇಳಿದಳು. ಗೆಳತಿ ಉಜ್ಜುವುದನ್ನು ನಿಲ್ಲಿಸಿದಳು. “ಯಾವಾಗ?” ಎಂದಳು. ಯಾವಾಗ ಎಂದು ತಿಳಿದ ಮೇಲೆ ಅವಳಿಗೆ ಸಿಟ್ಟು ಬಂತು. “ಇಷ್ಟು ದಿನ ನನ್ನ ಪಕ್ಕದಲ್ಲೇ ಕೂತು ಹವಾಮಾನದ ಬಗ್ಗೆ ಮಾತಾಡಿದ್ಯಲ್ಲೇ!” ಎಂದು ಬೈದಳು. ಯಾರಾದರೂ ತನ್ನ ಮೇಲೆ ಸಿಟ್ಟಾಗಿ ಎಷ್ಟು ಕಾಲವಾಯಿತು ಎಂದು ಅವಳಿಗನ್ನಿಸಿತು. ಬೈಸಿಕೊಳ್ಳುವುದು ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಅತ್ತೆಯ ಕಪಾಟಿಗೆ ವಿಮೆಯ ಹಣ ಬಂತು. ಮಗನೇ ಒಬ್ಬ ಬಡಗಿಯನ್ನು ಕರೆತಂದು ಬಾಗಿಲು ಸರಿಮಾಡಿಸಿದ. ಕನ್ನಡಿ ಬೇಡ, ಬರೀ ಹಲಗೆ ಸಾಕು ಎಂದರು ಅತ್ತೆ. “ಈ ವಯಸ್ಸಲ್ಲಿ ಅಡಿಯಿಂದ ಮುಡಿವರೆಗೆ ನೋಡ್ಕೊಂಡು ಆಗ್ಬೇಕಾದ್ದೇನು? ಮುಖ ಒಂದು ಕಂಡ್ರೆ ಸಾಕು.” ಭಾನುವಾರಗಳಂದು ಅವನು ತಾಯಿಯನ್ನು ನೋಡಲು ಬರತೊಡಗಿದ. ಬಂದಾಗ ಅವಳು ಕಾಫಿ ಮಾಡಿಕೊಡುತ್ತಿದ್ದಳು, ಕೆಲವು ಸಲ ಜೊತೆಗೆ ಕೂರುತ್ತಿದ್ದಳು, ಕೆಲವು ಸಲ ಇಲ್ಲ. ಸಾಗಣೆಯವರು ತೂಕದ ಲೆಕ್ಕದಲ್ಲಿ ಕೊಟ್ಟದ್ದು ಹೊಸ ಪಿಂಗಾಣಿಗೂ ಸಾಲುವಂತಿರಲಿಲ್ಲ. ಹೊಸ ಮಷೀನು ಕೊಳ್ಳುವುದನ್ನು ಅವಳು ಮುಂದಕ್ಕೆ ಹಾಕಿದಳು.

ಅಲ್ಲಿಯವರೆಗೆ ಬಟ್ಟೆ ಕೈಯಲ್ಲೇ ಒಗೆಯಬೇಕಾಯಿತು. ಚಿಕ್ಕದನ್ನೆಲ್ಲ ಅವಳೊಬ್ಬಳೇ ಹಿಂಡುತ್ತಿದ್ದಳು. ಮಂಚದ ಹೊದಿಕೆ ಮಾತ್ರ ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಒಂದು ರಜೆಯ ದಿನ ಅತ್ತೆ ಬಚ್ಚಲ ಬಾಗಿಲಿಗೆ ಸ್ಟೂಲು ಹಾಕಿಕೊಂಡು ಕೂತು, “ಒಂದು ತುದಿ ನನಗೆ ಕೊಡು” ಎಂದರು. ಇಬ್ಬರೂ ಎದುರುಬದುರಾಗಿ ಹಿಡಿದು ತಿರುಚಿದರು. ಎಷ್ಟು ತಿರುಚಿದರೂ ಹೊದಿಕೆ ಹಗ್ಗದಂತೆ ಸುತ್ತಿಕೊಳ್ಳುವ ಬದಲು ಸುಮ್ಮನೆ ಮಗ್ಗುಲು ಬದಲಿಸುತ್ತಿತ್ತು. ನೀರು ಬೀಳಲೇ ಇಲ್ಲ.

“ನಿನಗೆ ಕೈಯಲ್ಲಿ ಬಲಾನೇ ಇಲ್ಲ ಕಣೆ.”

“ಬಲ ಇದೆ ಅತ್ತೆ. ನೀವೂ ನನ್ನ ಕಡೆಗೇ ತಿರುಗಿಸ್ತಿದ್ದೀರಿ. ನಾನು ಎತ್ತ ತಿರುಗಿಸಿದ್ರೆ ಅದರ ಜೊತೆಗೇ ಬರ್ತಿದ್ದೀರಿ.”

“ಮತ್ತೆ? ನೀನು ಹೋದ ಕಡೆ ನಾನು ಬರ್ಬಾರ್ದಾ?”

“ಹಿಂಡೋಕೆ ಒಬ್ರು ಇತ್ತ, ಒಬ್ರು ಅತ್ತ ತಿರುಗಿಸ್ಬೇಕು.”

ಅತ್ತೆ ಹೊದಿಕೆಯನ್ನು ನೋಡಿದರು, ತಮ್ಮ ಕೈಗಳನ್ನು ನೋಡಿದರು, ಆಮೇಲೆ ರಭಸದಿಂದ ಎದುರು ದಿಕ್ಕಿಗೆ ತಿರುಚಿದರು. ಹೊದಿಕೆಯ ನೀರೆಲ್ಲ ಒಂದೇ ಸಲಕ್ಕೆ ಅವರ ಮಡಿಲಿಗೇ ಸುರಿಯಿತು. “ಅಯ್ಯಯ್ಯೋ!” ಎಂದು ಅತ್ತೆ ಸ್ಟೂಲಿನಿಂದ ಎದ್ದುಬಿಟ್ಟರು. ಅವಳಿಗೆ ನಗು ಬಂತು. ಮೊದಲು ಮೂಗಿನಿಂದ, ಆಮೇಲೆ ಹೊಟ್ಟೆಯಿಂದ. ಗೋಡೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅತ್ತೆ ಒದ್ದೆ ಸೀರೆ ಹಿಡಿದುಕೊಂಡು ಅವಳನ್ನೇ ನೋಡುತ್ತ ನಿಂತರು.

“ಹಿಡ್ಕೋ, ಹಿಡ್ಕೋ” ಎಂದರು ಸ್ವಲ್ಪ ಹೊತ್ತಿನ ಮೇಲೆ. “ಇನ್ನೊಂದು ಹೊದಿಕೆ ಹಾಗೇ ಇದೆ.”